ಗ್ರಾಮಫೋನ್ ಸರಿಯಾಗಿ ಹಾಡುತ್ತಿಲ್ಲವೇ? ಮೊದಲು ಮುಳ್ಳು ಬದಲಿಸಿ

ಹಳೆ ಮನೆಯ ಅಟ್ಟದಿಂದ ಇಳಿಸಿದ ಗ್ರಾಮಫೋನ್ ಸರಿಯಾಗಿ ಹಾಡದಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಸ್ಕ್ರೂಡ್ರೈವರ್ ಹುಡುಕುವುದು. ಅದು ಬೇಡ. ಈ ಯಂತ್ರಗಳು ಗಟ್ಟಿಮುಟ್ಟು. ತೊಂದರೆ ಸಾಮಾನ್ಯವಾಗಿ ಎರಡೇ ಕಡೆ ಇರುತ್ತದೆ: ಸವೆದ ಮುಳ್ಳು, ಇಲ್ಲವೇ ಒಣಗಿ ಅಂಟಾದ ಗ್ರೀಸು. ಮೋಟರಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಇಲ್ಲಿ ಹೇಳಿರುವುದು ಕೀ ಕೊಟ್ಟು ಓಡಿಸುವ, ಕರೆಂಟಿನ ಹಂಗಿಲ್ಲದ, ಅರಗಿನ ಪ್ಲೇಟು ಹಾಡಿಸುವ ಯಂತ್ರಗಳ ಬಗ್ಗೆ. ಕಹಳೆ ಇರುವ ಮೇಜಿನ ಮಾದರಿಯೂ ಸೇರಿತು, ಸೂಟ್‌ಕೇಸಿನಂತೆ ಮುಚ್ಚುವ ಪೋರ್ಟಬಲ್ ಕೂಡ ಸೇರಿತು.

ಸದ್ದು ಹುಟ್ಟುವ ದಾರಿ

ದೋಷ ಹುಡುಕಬೇಕಾದರೆ ಸದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿರಬೇಕು. ಎಡಿಸನ್ 1877ರಲ್ಲಿ ಮಾಡಿದ ಫೋನೋಗ್ರಾಫಿನಲ್ಲಿ ಉರುಳೆಗೆ ಸುತ್ತಿದ ತವರದ ಹಾಳೆ ಇತ್ತು. ಮಾತಾಡಿದರೆ ತೆಳು ಪೊರೆ ಅದುರುತ್ತಿತ್ತು, ಅದಕ್ಕೆ ಸೇರಿಸಿದ ಮೊನೆ ಹಾಳೆಯ ಮೇಲೆ ಆಳ ಹೆಚ್ಚುಕಡಿಮೆಯಾಗುವ ಗೀರು ಒತ್ತುತ್ತಿತ್ತು. ಅದೇ ಗೀರಿನ ಮೇಲೆ ಮೊನೆಯನ್ನು ಮತ್ತೆ ಓಡಿಸಿದರೆ ಪೊರೆ ಅದುರಿ ಅದೇ ಮಾತು ವಾಪಸ್ ಕೇಳುತ್ತಿತ್ತು. ಹತ್ತು ವರ್ಷದ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಗೀರನ್ನು ಮೇಲೆ ಕೆಳಗೆ ಬಿಟ್ಟು ಎಡ ಬಲಕ್ಕೆ ಅಂಕುಡೊಂಕಾಗಿ ಕೊರೆಯುವ ದಾರಿ ಹಿಡಿದ. ಚಪ್ಪಟೆ ಪ್ಲೇಟು ಬಂದದ್ದು ಅಲ್ಲಿಂದ. ನಮ್ಮ ಮನೆಗಳಲ್ಲಿರುವುದು ಇದೇ ಜಾತಿ.

ಹಾಡುವಾಗ ಗೀರು ಮುಳ್ಳನ್ನು ಅಕ್ಕಪಕ್ಕ ಅಲುಗಿಸುತ್ತದೆ. ಮುಳ್ಳು ಹಿಡಿದಿರುವ ಪುಟ್ಟ ಸನ್ನೆ ಸೌಂಡ್ ಬಾಕ್ಸಿನ, ಅಂದರೆ ತೋಳಿನ ತುದಿಯ ದುಂಡು ಡಬ್ಬಿಯ, ಪೊರೆಯನ್ನು ಅದುರಿಸುತ್ತದೆ. ಪೊರೆ ಗಾಳಿಯನ್ನು ಅದುರಿಸುತ್ತದೆ. ಆ ಗಾಳಿ ಟೊಳ್ಳು ತೋಳಿನ ಮೂಲಕ ಕಹಳೆಗೆ ಹೋಗುತ್ತದೆ. ಅಷ್ಟೇ. ಸದ್ದು ಹೆಚ್ಚಿಸಲು ಆಂಪ್ಲಿಫೈಯರ್ ಇಲ್ಲ, ಏನೂ ಇಲ್ಲ. ಹಾಗಾಗಿ ದಾರಿಯಲ್ಲಿ ಎಲ್ಲಿ ಸಡಿಲವಾದರೂ, ಎಲ್ಲಿ ಗಾಳಿ ಸೋರಿದರೂ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಮುಟ್ಟುವ ಮುಂಚೆ

ಮೋಟರಿನ ಸ್ಪ್ರಿಂಗು ಬಿಗಿಯಾಗಿದ್ದಾಗ ಯಾವ ಸ್ಕ್ರೂವನ್ನೂ ಬಿಚ್ಚಬೇಡಿ. ಬ್ರೇಕ್ ಬಿಟ್ಟು, ಪ್ಲೇಟು ಕೂರುವ ತಟ್ಟೆ ತಾನಾಗಿ ತಿರುಗಿ ನಿಲ್ಲುವವರೆಗೆ ಕಾಯಿರಿ. ಕೀ ಪೂರ್ತಿ ಇಳಿದ ಮೇಲೆಯೂ ಸ್ಪ್ರಿಂಗಿನ ಡಬ್ಬಿಯೊಳಗೆ ಸುರುಳಿಯಾಗಿ ಅದುಮಿಟ್ಟ ಉಕ್ಕಿನ ಪಟ್ಟಿ ಇದ್ದೇ ಇರುತ್ತದೆ. ಆ ಡಬ್ಬಿಯನ್ನು ಮನೆಯಲ್ಲಿ ತೆರೆಯಬಾರದು. ಪಟ್ಟಿ ಹೊರಗೆ ಚಿಮ್ಮಿದರೆ ಬೆರಳು ಹೋಗಬಹುದು, ಕಣ್ಣೂ ಹೋಗಬಹುದು.

ಎಲ್‌ಪಿ ಪ್ಲೇಟುಗಳನ್ನು, ಅಂದರೆ ನಂತರದ ಕಾಲದ ಪ್ಲಾಸ್ಟಿಕ್ ಪ್ಲೇಟುಗಳನ್ನು, ಈ ಯಂತ್ರದ ಮೇಲೆ ಇಡಲೇಬೇಡಿ. ಎಲ್‌ಪಿ ಹಾಡಿಸುವ ಮೊನೆಯ ಭಾರ ಎರಡು ಮೂರು ಗ್ರಾಂ. ಇಲ್ಲಿ ಮುಳ್ಳಿನ ಮೇಲೆ ಬೀಳುವುದು ನೂರು ಗ್ರಾಂನ ಆಸುಪಾಸು. ಒಂದೇ ಸಲಕ್ಕೆ ಎಲ್‌ಪಿ ಹಾಳಾಗುತ್ತದೆ.

ಸದ್ದು ಗರಗರ, ಹಾಡು ಹರಿದಂತೆ ಕೇಳುತ್ತದೆ

ಮುಳ್ಳು ಬದಲಿಸಿ. ಯಾವಾಗ ಬದಲಿಸಿದ್ದು ಅಂತ ನೆನಪಿಲ್ಲ ಅಂದರೆ ಅದೇ ಉತ್ತರ.

ಉಕ್ಕಿನ ಮುಳ್ಳಿಗೆ ಪ್ಲೇಟಿನ ಒಂದೇ ಮಗ್ಗುಲಿನಷ್ಟು ಆಯಸ್ಸು. ಇದು ಮುಳ್ಳು ಮಾರುವವರು ಕಟ್ಟಿದ ಕತೆ ಅಲ್ಲ. ಪ್ಲೇಟಿನಲ್ಲಿ ಅರಗಿನ ಜೊತೆ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಬೇಕಂತಲೇ. ಮೊದಲ ಕೆಲವು ಸುತ್ತಿನಲ್ಲಿ ಆ ಪುಡಿ ಮುಳ್ಳಿನ ತುದಿಯನ್ನು ಗೀರಿನ ಆಕಾರಕ್ಕೆ ಉಜ್ಜುತ್ತದೆ. ಹಾಡು ಮುಗಿಯುವಷ್ಟರಲ್ಲಿ ತುದಿಯ ಎರಡೂ ಬದಿ ಚಪ್ಪಟೆಯಾಗಿ, ಅಂಚು ಚೂಪಾಗಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಹೊಸ ಮುಳ್ಳಿನ ತುದಿ ದುಂಡಗೆ ಮೊಂಡಾಗಿರುತ್ತದೆ, ಹಾಡಿದ ಮುಳ್ಳಿನ ತುದಿಯಲ್ಲಿ ಎರಡು ಪುಟ್ಟ ಮುಖಗಳು ಕನ್ನಡಿಯ ಚೂರಿನ ಹಾಗೆ ಹೊಳೆಯುತ್ತವೆ. ಅಂಥ ಮುಳ್ಳನ್ನು ಇನ್ನೊಂದು ಪ್ಲೇಟಿನ ಮೇಲೆ ಇಟ್ಟರೆ ಅದು ಹಾಡಿಸುವುದಿಲ್ಲ, ಉಳುತ್ತದೆ. ಹಾಡಿಸಿದ ಮುಳ್ಳನ್ನು ಮತ್ತೆ ಅದೇ ಡಬ್ಬಿಗೆ ಹಾಕುವ ಅಭ್ಯಾಸವೂ ಬೇಡ, ಆಮೇಲೆ ಹೊಸದು ಯಾವುದು ಹಳೆಯದು ಯಾವುದು ಅಂತ ಗೊತ್ತಾಗಲ್ಲ. ಮಕ್ಕಳಿರುವ ಮನೆಯಾದರೆ ಬಳಸಿದ್ದನ್ನು ಮುಚ್ಚಳವಿರುವ ಬೇರೆ ಡಬ್ಬಿಗೇ ಹಾಕಿ.

ಹೊಸ ಮುಳ್ಳು ಹಾಕಿದ ಮೇಲೂ ಗರಗರ ನಿಲ್ಲದಿದ್ದರೆ ಬೇರೆ ಪ್ಲೇಟು ಹಾಕಿ. ಅದು ಚೆನ್ನಾಗಿ ಹಾಡಿದರೆ ಯಂತ್ರ ಸರಿಯಿದೆ, ಮೊದಲ ಪ್ಲೇಟೇ ಸವೆದಿದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಚೆನ್ನಾಗಿರುವ ಪ್ಲೇಟು ಕಪ್ಪಗೆ ಮಿನುಗುತ್ತದೆ, ಸವೆದದ್ದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಬೂದಿ ಬಣ್ಣಕ್ಕೆ ಮದ್ದಿಲ್ಲ.

ಕೊಳೆಯಾಗಿದ್ದರೆ ಮದ್ದಿದೆ. ತಣ್ಣೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ಗೀರಿನ ದಿಕ್ಕಿನಲ್ಲೇ ಒರೆಸಿ. ನಡುವಿನ ಲೇಬಲ್ ನೆನೆಯದಂತೆ ನೋಡಿಕೊಳ್ಳಿ. ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ನೀರಿನಲ್ಲಿ ಮುಳುಗಿಸಿಡಬೇಡಿ. ಸ್ಪಿರಿಟ್, ಸ್ಯಾನಿಟೈಸರ್, ಸೆಂಟು ಹತ್ತಿರವೂ ಬೇಡ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಎಲ್‌ಪಿ ಒರೆಸಲು ಮಾರುವ ಕೆಲವು ದ್ರವಗಳಲ್ಲೂ ಆಲ್ಕೋಹಾಲ್ ಇರುತ್ತದೆ, ಬಾಟಲಿ ಓದಿ ನೋಡಿ.

ಎತ್ತರದ ಸ್ವರ ಬಂದಾಗ ಝೀ ಎಂದು ಅದುರುತ್ತದೆ

ಅದುರುವುದು ಎಂದರೆ ಎಲ್ಲೋ ಏನೋ ಸಡಿಲವಾಗಿದೆ. ಎಲ್ಲಿ ಅನ್ನುವುದನ್ನು ಕೈಯಿಂದಲೇ ಹುಡುಕಬಹುದು.

ಮೊದಲು ಮುಳ್ಳು ಹಿಡಿಯುವ ಸ್ಕ್ರೂ ನೋಡಿ. ಬೆರಳಿನಿಂದಲೇ ಬಿಗಿ ಮಾಡಬೇಕು, ಇಕ್ಕಳ ಬೇಡ. ಮುಳ್ಳು ರಂಧ್ರದ ತುದಿಯವರೆಗೂ ಹೋಗಿ ಕೂತಿರಬೇಕು.

ಆಮೇಲೆ ಹಾಡುತ್ತಿರುವಾಗಲೇ ಕಹಳೆಯ ಅಂಚನ್ನು ಮೆತ್ತಗೆ ಹಿಡಿಯಿರಿ. ಝೀ ನಿಂತರೆ ಕಹಳೆಯ ಬೆಸುಗೆ ಅಥವಾ ಅದು ಕೂರುವ ಕಡೆ ಸಡಿಲ. ಪೋರ್ಟಬಲ್ ಆದರೆ ಮುಚ್ಚಳ, ಬೀಗ, ಹಿಡಿಕೆ ಒಂದೊಂದನ್ನೇ ಒತ್ತಿ ನೋಡಿ. ಎಷ್ಟೋ ಸಲ ಪೆಟ್ಟಿಗೆಯೊಳಗಿನ ಕಹಳೆಗೆ ಹಳೆ ಮುಳ್ಳು ಬಿದ್ದು ಅಲ್ಲೇ ಕುಣಿಯುತ್ತಿರುತ್ತದೆ. ತೋಳಿನ ಕಡೆಯಿಂದ ಟಾರ್ಚ್ ಹಾಕಿ ನೋಡಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರವಾದರೆ ಒಳಗೆ ಕಡಜ ಕಟ್ಟಿದ ಮಣ್ಣಿನ ಗೂಡು, ಜಿರಳೆ ಮೊಟ್ಟೆ, ಇಲಿ ತಂದಿಟ್ಟ ಬಟ್ಟೆ ಚೂರು ಏನು ಬೇಕಾದರೂ ಸಿಗಬಹುದು.

ಇದ್ಯಾವುದೂ ಅಲ್ಲದಿದ್ದರೆ ಉಳಿಯುವುದು ಸೌಂಡ್ ಬಾಕ್ಸು. ಇಲ್ಲಿ ಸ್ವಲ್ಪ ನಿಧಾನ ಬೇಕು. ತೋಳಿನಿಂದ ಬಿಡಿಸಿ, ಬೆಳಕಿನಲ್ಲಿ ಪೊರೆ ನೋಡಿ. ಹಳೆ ಬಾಕ್ಸುಗಳಲ್ಲಿ ಪೊರೆ ಕಾಗೆ ಬಂಗಾರದ್ದು, ಅಂದರೆ ಅಭ್ರಕ. ನಂತರದವುಗಳಲ್ಲಿ ಅಲ್ಯೂಮಿನಿಯಂ. ಅಭ್ರಕದ ಅಂಚಿನಲ್ಲಿ ಹಾಲು ಚೆಲ್ಲಿದಂತೆ ಬಿಳಿ ಮಚ್ಚೆ ಕಂಡರೆ ಪದರ ಬಿಟ್ಟಿದೆ ಅಂತ ಅರ್ಥ, ಪೊರೆಯೇ ಬದಲಾಗಬೇಕು. ಪೊರೆಯ ನಡುವೆ ಸನ್ನೆಯನ್ನು ಹಿಡಿದಿರುವ ಪುಟ್ಟ ತಿರುಪು ಇರುತ್ತದೆ. ಅದರ ಸುತ್ತ ಜೇನುಮೇಣದ ಹನಿ ಇರಬೇಕು. ಅದು ಒಡೆದು ಉದುರಿದ್ದರೆ ತಿರುಪು ಸಡಿಲವಾಗಿ ಝೀ ಎನ್ನುತ್ತದೆ. ಮೆತ್ತಗೆ ಬಿಗಿ ಮಾಡಿ, ಕರಗಿಸಿದ ಮೇಣ ಒಂದು ಚುಕ್ಕೆ ಇಟ್ಟರೆ ಸಾಕು. ಜಾಸ್ತಿ ಬಿಗಿ ಮಾಡಿದರೆ ಅಭ್ರಕ ಸೀಳುತ್ತದೆ.

ಪೊರೆಯ ಎರಡೂ ಬದಿಗೆ ರಬ್ಬರ್ ಬಳೆಗಳಿರುತ್ತವೆ. ಎಂಬತ್ತು ತೊಂಬತ್ತು ವರ್ಷದ ರಬ್ಬರು ಕಲ್ಲಾಗದೆ ಇರುತ್ತದಾ? ಉಗುರಿನಿಂದ ಒತ್ತಿ. ತಗ್ಗದಿದ್ದರೆ ಅದರ ಕತೆ ಮುಗಿದಿದೆ. ಪೊರೆ ಅಂಚಿನಲ್ಲಿ ಮೆತ್ತಗೆ ಕೂರದೆ ಗಡುಸಾಗಿ ಕೂತು, ಸದ್ದು ಕೀರಲಾಗುತ್ತದೆ. ಇದಕ್ಕೆ ಸರಿಹೊಂದುವ ದಪ್ಪದ ಮೆತ್ತನೆ ರಬ್ಬರ್ ಕೊಳವೆ ಹಾಕುತ್ತಾರೆ. ಕೈ ಪಳಗಿದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಸೌಂಡ್ ಬಾಕ್ಸಿನ ಬೆನ್ನಿನ ಲೋಹದಲ್ಲಿ ಕೂದಲಿನಂಥ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಕೆಲವು ಬಾಕ್ಸುಗಳನ್ನು ಸತುವಿನ ಅಗ್ಗದ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದಾರೆ. ಅದು ವಯಸ್ಸಾದಂತೆ ಉಬ್ಬಿ ಬಿರಿಯುತ್ತದೆ, ತಿರುಚಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ಸದ್ದು ತೀರಾ ಸಣ್ಣ

ಮುಳ್ಳಿನಲ್ಲೇ ಜೋರು, ಮಧ್ಯಮ, ಮೆದು ಅಂತ ಬಗೆಗಳಿವೆ. ದಪ್ಪ ಮುಳ್ಳು ಜೋರು, ತೆಳ್ಳನೆಯದು ಮೆದು. ಈ ಯಂತ್ರಕ್ಕೆ ವಾಲ್ಯೂಮ್ ಗುಂಡಿ ಅಂದರೆ ಅದೇ. ಮೊದಲು ಯಾವುದು ಹಾಕಿದ್ದೀರಿ ನೋಡಿ.

ಆಮೇಲೆ ಗಾಳಿ ಸೋರಿಕೆ. ಸೌಂಡ್ ಬಾಕ್ಸು ತೋಳಿಗೆ ಸೇರುವ ಕಡೆ ಇರುವ ರಬ್ಬರ್ ಹರಿದಿದ್ದರೆ ಗಟ್ಟಿಯಾಗಿ ಕೂರುವುದಿಲ್ಲ, ತಗ್ಗು ಸ್ವರಗಳು ಅಲ್ಲೇ ಸೋರಿಹೋಗುತ್ತವೆ. ತಾತ್ಕಾಲಿಕವಾಗಿ ಆ ಸಂದಿನ ಸುತ್ತ ಬೆರಳಿನಿಂದ ಮುಚ್ಚಿ ಹಿಡಿದು ಕೇಳಿ. ಸದ್ದು ತುಂಬಿಕೊಂಡರೆ ಕಾರಣ ಸಿಕ್ಕಿತು. ತೋಳು ಕಹಳೆಗೆ ಸೇರುವ ಬುಡದಲ್ಲೂ ಹೀಗೇ ನೋಡಿ.

ಎಲ್ಲ ಸರಿಯಿದ್ದೂ ಒಂದು ನಿರ್ದಿಷ್ಟ ಪ್ಲೇಟು ಮಾತ್ರ ಬರೀ ಹಿಸ್ ಎನ್ನುತ್ತಿದ್ದರೆ ಲೇಬಲ್ ಓದಿ. ಪಾಥೆ ಕಂಪನಿಯ ಹಳೆ ಪ್ಲೇಟುಗಳ ಗೀರು ಎಡಿಸನ್ ಪದ್ಧತಿಯಲ್ಲಿ ಮೇಲೆ ಕೆಳಗೆ ಕೊರೆದದ್ದು. ಅದರಲ್ಲೂ ಮೊದಮೊದಲಿನವು ಒಳಗಿಂದ ಹೊರಕ್ಕೆ ಹಾಡುತ್ತವೆ. ಎಡಿಸನ್ನನ ಕಾಲು ಇಂಚು ದಪ್ಪದ ಡಿಸ್ಕುಗಳ ಗೀರೂ ಮೇಲೆ ಕೆಳಗೆ ಕೊರೆದದ್ದೇ. ನಮ್ಮ ಮುಳ್ಳು ಅಕ್ಕಪಕ್ಕದ ಅಲುಗಾಟಕ್ಕೆ ಮಾತ್ರ ಓಗೊಡುತ್ತದೆ. ಹಾಡಿಸಲು ಹೋದರೆ ಸದ್ದೂ ಬರಲ್ಲ, ಪ್ಲೇಟೂ ಉಳಿಯಲ್ಲ. ತೆಗೆದಿಡಿ.

ಇನ್ನೊಂದು ದೂರು: "ಹಾಡು ಕೇಳುತ್ತೆ, ಮೃದಂಗ ಕೇಳಲ್ಲ." ಇದು ಯಂತ್ರದ ದೋಷ ಅಲ್ಲದೇ ಇರಬಹುದು. 1925ರಲ್ಲಿ ಮೈಕ್ರೋಫೋನ್ ಬಳಸಿ ಮುದ್ರಿಸಿದ ಪ್ಲೇಟುಗಳು ಮಾರುಕಟ್ಟೆಗೆ ಬರುವ ಮುಂಚೆ ಗಾಯಕರು ಕಹಳೆಯೊಳಗೇ ಹಾಡಬೇಕಿತ್ತು. ಆ ಬರೀ ಗಾಳಿಯ ಬಲಕ್ಕೆ ಸುಮಾರು 250 ಹರ್ಟ್ಸ್‌ನಿಂದ 2,500 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಕೊರೆಯಲು ಆಗುತ್ತಿತ್ತು. ತಂಬೂರಿಯ ಮಂದ್ರ, ಮೃದಂಗದ ಎಡಬದಿಯ ತುಂಬುನಾದ ಇವೆಲ್ಲ ಗೀರಿಗೆ ಇಳಿದೇ ಇಲ್ಲ. ಇಳಿಯದ್ದು ಎಲ್ಲಿಂದ ಬರಬೇಕು? 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಅವರ ಧ್ವನಿ ಇವತ್ತಿಗೂ ಖಣಿ ಎನ್ನುತ್ತದೆ, ಪಕ್ಕವಾದ್ಯ ಮಾತ್ರ ಎಲ್ಲೋ ಪಕ್ಕದ ಮನೆಯಲ್ಲಿದೆ ಅನಿಸುತ್ತದೆ. ಆದ್ದರಿಂದ ಯಂತ್ರದ ಪರೀಕ್ಷೆಗೆ 1930ರ ನಂತರದ ಪ್ಲೇಟೊಂದನ್ನು ಆರಿಸಿಕೊಳ್ಳಿ.

ಶ್ರುತಿ ಏರುತ್ತದೆ, ಇಳಿಯುತ್ತದೆ

ಮೊದಲು ವೇಗ ಅಳೆಯಿರಿ. ಪ್ಲೇಟಿನ ಕೆಳಗೆ ಒಂದು ಕಾಗದದ ಚೀಟಿ ಅಂಚಿನಿಂದ ಹೊರಗೆ ಕಾಣುವ ಹಾಗೆ ಸಿಕ್ಕಿಸಿ. ಮುಳ್ಳು ಇಳಿಸಿ ಹಾಡಲು ಬಿಟ್ಟು, ಚೀಟಿ ನಿಮ್ಮ ಮುಂದೆ ಎಷ್ಟು ಸಲ ಹಾಯುತ್ತದೆ ಎಣಿಸಿ. ಒಂದು ನಿಮಿಷಕ್ಕೆ 78 ಬರಬೇಕು. 20 ಸೆಕೆಂಡಿಗೆ 26 ಅಂತ ಎಣಿಸಿದರೂ ಆಯಿತು. ಸುಮ್ನೆ ಖಾಲಿ ತಟ್ಟೆಯನ್ನು ತಿರುಗಿಸಿ ಎಣಿಸಿದರೆ ಪ್ರಯೋಜನವಿಲ್ಲ, ಮುಳ್ಳಿನ ಭಾರ ಬಿದ್ದಾಗಿನ ವೇಗವೇ ನಿಜವಾದ ವೇಗ. ಕಡಿಮೆ ಹೆಚ್ಚು ಇದ್ದರೆ ತಟ್ಟೆಯ ಪಕ್ಕದ ವೇಗದ ಸನ್ನೆ ಸರಿಸಿ. 1920ಕ್ಕಿಂತ ಹಿಂದಿನ ಎಷ್ಟೋ ಪ್ಲೇಟುಗಳು 78ರಲ್ಲಿ ಮುದ್ರಿಸಿದವೇ ಅಲ್ಲ, ಅವಕ್ಕೆ ಕಿವಿಯೇ ಅಳತೆ.

ವೇಗ ಸರಿಯಿದ್ದೂ ಶ್ರುತಿ ತೂಗುತ್ತಿದ್ದರೆ ತೂಗುವ ಲಯ ಗಮನಿಸಿ. ರೋಗ ಹೇಳುವುದು ಅದೇ.

ಸುತ್ತಿಗೆ ಒಂದು ಸಲ, ಅಂದರೆ ಮುಕ್ಕಾಲು ಸೆಕೆಂಡಿಗೊಮ್ಮೆ ತೂಗಿದರೆ ತಪ್ಪು ಪ್ಲೇಟಿನದು. ನಡುವಿನ ತೂತು ಸರಿಯಾಗಿ ನಡುವೆ ಇಲ್ಲ. ತೋಳನ್ನೇ ನೋಡಿ, ಪ್ರತಿ ಸುತ್ತಿಗೂ ಅತ್ತಿತ್ತ ಓಲಾಡುತ್ತಿರುತ್ತದೆ. ತೋಳು ಮೇಲೆ ಕೆಳಗೆ ಏರಿಳಿದರೆ ಪ್ಲೇಟು ಬಾಗಿದೆ. ಬಾಗಿದ್ದನ್ನು ಎರಡು ದಪ್ಪ ಗಾಜಿನ ನಡುವೆ ಇಟ್ಟು, ಎಳೆಬಿಸಿಲಿನಲ್ಲಿ ಮೆತ್ತಗಾಗಿಸಿ, ಗಾಜಿನ ಭಾರದಲ್ಲೇ ನೆರಳಿನಲ್ಲಿ ಪೂರ್ತಿ ಆರಲು ಬಿಡುತ್ತಾರೆ. ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು. ನಡುಮಧ್ಯಾಹ್ನದ ಬಿಸಿಲಿಗಿಟ್ಟು ಮರೆತರೆ ಗೀರುಗಳೇ ಒತ್ತಿಹೋಗುತ್ತವೆ.

ಗಡಗಡ ನಡುಗುವಂತೆ ಬೇಗಬೇಗ ತೂಗಿದರೆ ತಪ್ಪು ಗವರ್ನರಿನದು, ಅಂದರೆ ವೇಗವನ್ನು ಹಿಡಿತದಲ್ಲಿಡುವ ಭಾಗದ್ದು. ತಟ್ಟೆಯ ಕೆಳಗೆ ಒಂದು ಸಣ್ಣ ದಂಡದ ಸುತ್ತ ಮೂರು ಗುಂಡುಗಳು ಪಟ್ಟಿ ಸ್ಪ್ರಿಂಗಿನ ಮೇಲೆ ಕೂತಿರುತ್ತವೆ. ವೇಗ ಹೆಚ್ಚಾದಂತೆ ಗುಂಡುಗಳು ಹೊರಕ್ಕೆ ಚಾಚಿ ಒಂದು ಬಿಲ್ಲೆಯನ್ನು ಎಳೆಯುತ್ತವೆ, ಆ ಬಿಲ್ಲೆ ಚರ್ಮದ ಅಥವಾ ಫೆಲ್ಟಿನ ತುಂಡಿಗೆ ಉಜ್ಜಿ ವೇಗ ತಗ್ಗುತ್ತದೆ. ಆ ತುಂಡು ಒಣಗಿದರೆ ಬಿಲ್ಲೆ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ, ಕೀಚ್ ಅಂತ ಸದ್ದೂ ಬರಬಹುದು. ಕೀ ಪೂರ್ತಿ ಇಳಿಸಿ, ತಟ್ಟೆ ಎತ್ತಿ, ಮೋಟರು ಕೂತಿರುವ ಹಲಗೆಯ ಸ್ಕ್ರೂ ಬಿಚ್ಚಿ ಮೇಲೆತ್ತಿ. ಫೆಲ್ಟಿಗೆ ಒಂದು ಹನಿ, ದಂಡದ ಎರಡೂ ತುದಿಗೆ ಒಂದೊಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಡಿ. ಅರ್ಧಕ್ಕರ್ಧ ಪ್ರಕರಣ ಇಷ್ಟಕ್ಕೇ ಸರಿಹೋಗುತ್ತವೆ.

ಮನೆಯಲ್ಲಿ ಕೈಗೆ ಸಿಕ್ಕಿತು ಅಂತ ಕೊಬ್ಬರಿ ಎಣ್ಣೆ ಮಾತ್ರ ಬೇಡ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಮೋಟರಿನಲ್ಲೂ ಗಟ್ಟಿಯಾಗುತ್ತದೆ, ಅಲ್ವಾ?

ಗುಂಡು ಹಿಡಿದ ಪಟ್ಟಿಯೊಂದು ಮುರಿದಿದ್ದರೆ ಎಣ್ಣೆಯಿಂದ ಆಗುವುದಿಲ್ಲ, ಮೂರೂ ಪಟ್ಟಿ ಬದಲಾಗಬೇಕು. ಕೀ ಬಿಗಿಯಾಗಿದ್ದಾಗ ಗವರ್ನರ್ ಬಿಚ್ಚಿದರೆ ತಡೆಯೇ ಇಲ್ಲದ ಮೋಟರು ಹುಚ್ಚು ವೇಗದಲ್ಲಿ ತಿರುಗಿ ಹಲ್ಲಿನ ಚಕ್ರಗಳನ್ನು ತಿಂದುಹಾಕುತ್ತದೆ. ಬೆರಳು ಅಲ್ಲಿದ್ದರೆ ಬೆರಳನ್ನೂ.

ಹಾಡಿನ ಕೊನೆಯಲ್ಲಿ ಮಾತ್ರ ವೇಗ ಕುಗ್ಗಿದರೆ ಮೊದಲು ಪೂರ್ತಿ ಕೀ ಕೊಟ್ಟಿದ್ದೀರಾ ನೋಡಿ. ಪ್ರತಿ ಮಗ್ಗುಲಿಗೂ ಮತ್ತೆ ಕೀ ಕೊಡುವುದು ಒಳ್ಳೆ ಅಭ್ಯಾಸ.

ಕೀ ಕೊಟ್ಟರೂ ತಟ್ಟೆ ತಿರುಗುವುದಿಲ್ಲ

ಬ್ರೇಕ್ ನೋಡಿ. ನಗಬೇಡಿ, ಎಷ್ಟೋ ಸಲ ಅದೇ. ಎಚ್‌ಎಂವಿ 102ರಂಥ ಪೋರ್ಟಬಲ್‌ಗಳಲ್ಲಿ ಹಾಡು ಮುಗಿದಾಗ ತಾನೇ ಹಿಡಿಯುವ ಬ್ರೇಕ್ ಇರುತ್ತದೆ, ಅದು ಅಂಟಿಕೊಂಡಿರಬಹುದು. ವೇಗದ ಸನ್ನೆ ತೀರಾ ನಿಧಾನದ ಕಡೆ ಇದ್ದರೂ ಗವರ್ನರ್ ಒತ್ತಿ ಹಿಡಿದು ನಿಲ್ಲಿಸುತ್ತದೆ. ತಟ್ಟೆಯ ಅಂಚು ಎಲ್ಲಾದರೂ ತಾಗುತ್ತಿದೆಯಾ ನೋಡಿ.

ಕೈಯಿಂದ ಮೆಲ್ಲನೆ ನೂಕಿದರೆ ತಿರುಗಿ, ಮತ್ತೆ ನಿಂತರೆ ಒಳಗಿನ ಗ್ರೀಸು ಅಂಟಾಗಿದೆ. ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒದ್ದೆ ಮಾಡಿದ ಬ್ರಷ್ಷಿನಿಂದ ತೆಗೆದು, ಒರೆಸಿ, ಹಲ್ಲಿನ ಚಕ್ರಗಳಿಗೆ ಹೊಸ ಗ್ರೀಸು ಹಚ್ಚಬೇಕು. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಗ್ಯಾಸ್ ಒಲೆ ಉರಿಯುತ್ತಿರಬಾರದು.

"ಜಾಸ್ತಿ ಕೀ ಕೊಟ್ಟು ಹಾಳಾಯಿತು" ಅನ್ನುವ ಮಾತು ಕೇಳಿರುತ್ತೀರಿ. ಕೀ ಜಾಸ್ತಿಯಾಗಿ ಸಿಕ್ಕಿಕೊಳ್ಳುವುದು ಅಂತ ಒಂದು ರೋಗವೇ ಇಲ್ಲ. ಪೂರ್ತಿ ಕೀ ಇದ್ದೂ ಓಡುತ್ತಿಲ್ಲ ಅಂದರೆ ಎಲ್ಲೋ ಅಂಟಿದೆ ಅಷ್ಟೇ.

ಡುಬ್ ಡುಬ್ ಸದ್ದು, ಇಲ್ಲವೇ ಒಂದೇ ಸಲ ಢಂ

ಹಾಡುವ ನಡುವೆ ಪೆಟ್ಟಿಗೆಯೊಳಗೆ ಯಾರೋ ಗುದ್ದಿದ ಹಾಗೆ ಡುಬ್ ಎಂದು, ಆ ಕ್ಷಣ ಶ್ರುತಿಯೂ ಜಗ್ಗಿದರೆ ಸ್ಪ್ರಿಂಗಿನ ಗ್ರೀಸು ಗಟ್ಟಿಯಾಗಿದೆ. ಸುರುಳಿಗಳು ಒಂದಕ್ಕೊಂದು ಅಂಟಿ, ನುಣ್ಣಗೆ ಜಾರದೆ ಒಮ್ಮೆಲೇ ಬಿಡುತ್ತವೆ. ಡಬ್ಬಿ ತೆರೆದು, ತೊಳೆದು, ಗ್ರಾಫೈಟ್ ಗ್ರೀಸು ತುಂಬಬೇಕು. ತಿಳಿದವರಿಗೆ ಕೊಡಿ. ಅಲ್ಲಿಯವರೆಗೆ ಹಾಡಿಸಿದರೆ ಅಪಾಯವೇನಿಲ್ಲ, ಆದರೆ ಸ್ಪ್ರಿಂಗು ಮುರಿಯುವ ಸಾಧ್ಯತೆ ಹೆಚ್ಚು.

ದೊಡ್ಡದಾಗಿ ಢಂ ಎಂದು, ಆಮೇಲೆ ಕೀ ಹಿಡಿ ಬಿಗಿಯೇ ಇಲ್ಲದೆ ತಿರುಗುತ್ತಿದ್ದರೆ ಸ್ಪ್ರಿಂಗು ಮುರಿದಿದೆ ಅಥವಾ ಕೊಕ್ಕೆಯಿಂದ ಬಿಟ್ಟಿದೆ. ಎರಡು ಸ್ಪ್ರಿಂಗಿನ ಮೋಟರಾದರೆ ಒಂದು ಮುರಿದಾಗ ಕೀ ಅರ್ಧ ಬಿಗಿಯಾಗಿ ಜಾರುವುದೂ ಉಂಟು. ಕೀ ಕೊಡುವಾಗ ಹಿಡಿ ಹಿಂದಕ್ಕೆ ಒದೆದರೆ ಅದನ್ನು ತಡೆಯುವ ಹಲ್ಲು ಸವೆದಿದೆ ಅಂತ ಲೆಕ್ಕ. ಇನ್ನು ಆ ಹಿಡಿ ಮುಟ್ಟಬೇಡಿ, ಮಣಿಕಟ್ಟು ಮುರಿಯುವಷ್ಟು ಜೋರಿರುತ್ತದೆ.

ಮುಳ್ಳು ಜಾರುತ್ತದೆ, ಒಂದೇ ಸಾಲು ಮತ್ತೆ ಮತ್ತೆ ಹಾಡುತ್ತದೆ

ಯಂತ್ರ ಸಮತಟ್ಟಾಗಿದೆಯಾ? ಗಾರೆಯವರ ರಸಮಟ್ಟವನ್ನೋ ಫೋನಿನಲ್ಲಿರುವ ಲೆವೆಲನ್ನೋ ತಟ್ಟೆಯ ಮೇಲಿಟ್ಟು ನೋಡಿ. ಮುಳ್ಳು ಪ್ಲೇಟಿಗೆ ಸುಮಾರು 60 ಡಿಗ್ರಿ ಓರೆಯಾಗಿ, ಪ್ಲೇಟು ಓಡುವ ದಿಕ್ಕಿಗೆ ತುದಿ ಚಾಚಿ ನಿಂತಿರಬೇಕು, ಗೀರು ಅದರಿಂದ ದೂರ ಓಡುವಂತೆ. ತೋಳಿನ ಬುಡ ಬಿಗಿಯಾಗಿದ್ದರೂ ಜಾರುತ್ತದೆ, ಉಗುರಿನಿಂದ ನೂಕಿದರೆ ಸಲೀಸಾಗಿ ಸರಿಯಬೇಕು. ಪ್ಲೇಟಿನಲ್ಲಿ ಸೀಳು ಇದ್ದರೆ ಉಕ್ಕಿನ ಮುಳ್ಳು ಆ ಸೀಳನ್ನು ಇನ್ನೂ ದೊಡ್ಡದು ಮಾಡುತ್ತದೆ, ಅಂಥದ್ದನ್ನು ಹಾಡಿಸಬೇಡಿ.

ಥಳಥಳ ಹಿತ್ತಾಳೆ ಕಹಳೆ, ನಾಯಿ ಚಿತ್ರದ ಹೊಚ್ಚ ಹೊಸ ತಗಡು ಇರುವ "ಪುರಾತನ" ಯಂತ್ರವಾದರೆ ಸ್ವಲ್ಪ ಅನುಮಾನಿಸಿ. ಯಾವುದೋ ಗುಜರಿ ಪೋರ್ಟಬಲ್ಲಿನ ಮೋಟರು ತೆಗೆದು ಹೊಸ ಪೆಟ್ಟಿಗೆಗೆ ಹಾಕಿ ಮಾರುವುದು ನಮ್ಮ ದೇಶದಲ್ಲಿ ಬಹಳ ದಿನದಿಂದ ನಡೆದಿದೆ. ಇಂಥವುಗಳಲ್ಲಿ ತೋಳಿನ ಉದ್ದ, ಅದು ಕೂತ ಜಾಗ ಲೆಕ್ಕಕ್ಕೆ ಹೊಂದಿರುವುದಿಲ್ಲ. ರಿಪೇರಿಗೆ ದುಡ್ಡು ಸುರಿಯುವುದು ವ್ಯರ್ಥ, ಷೋಕೇಸಿಗೆ ಚೆಂದ.

ಅಂಗಡಿಗೆ ಒಯ್ಯುವುದಾದರೆ

ಸ್ಪ್ರಿಂಗ್ ಡಬ್ಬಿ, ಮುರಿದ ಗವರ್ನರ್ ಪಟ್ಟಿ, ಸವೆದ ಹಲ್ಲಿನ ಚಕ್ರ, ಬಿರಿದ ಸೌಂಡ್ ಬಾಕ್ಸು ಈ ನಾಲ್ಕಕ್ಕೆ ಗ್ರಾಮಫೋನ್ ಬಲ್ಲವರೇ ಬೇಕು. ಹಳೆ ಗಡಿಯಾರ ರಿಪೇರಿ ಮಾಡುವವರು ಸ್ಪ್ರಿಂಗಿನ ಕೆಲಸ ಮಾಡಿಕೊಡಬಹುದು, ಸೌಂಡ್ ಬಾಕ್ಸು ಮಾತ್ರ ಅವರಿಗೆ ಕೊಡಬೇಡಿ. ಹಳೆ ಭಾಗಗಳನ್ನು ಬದಲಿಸಿದರೆ ತೆಗೆದದ್ದನ್ನು ವಾಪಸ್ ಕೇಳಿ ಪಡೆಯಿರಿ.

ಒಯ್ಯುವ ಮುಂಚೆ ಕೀ ಪೂರ್ತಿ ಇಳಿಸಿ. ಸೌಂಡ್ ಬಾಕ್ಸು ಬಿಡಿಸಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ತೋಳನ್ನು ದಾರದಿಂದ ಕಟ್ಟಿ, ತಟ್ಟೆಯನ್ನು ನೇರ ಮೇಲಕ್ಕೆ ಎತ್ತಿ ತೆಗೆಯಿರಿ. ತಟ್ಟೆ ಬರದಿದ್ದರೆ ಬಲವಂತ ಮಾಡಬೇಡಿ, ಹಾಗೇ ತೆಗೆದುಕೊಂಡು ಹೋಗಿ. ಪ್ಲೇಟುಗಳನ್ನು ಜೊತೆಗೆ ಒಯ್ದರೆ ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಾಗಿ ಕಟ್ಟಿ.